ಬಿಳಿ ಅಂಬಾಸಿಡರ್‌ಗೆ ಫೋಟೋದಲ್ಲಿ ಮರೂನ್ ಪೇಂಟ್: ಹೊಳಪನ್ನು ಮೊದಲು ಬಿಡಿಸಿಕೊಳ್ಳಬೇಕು

ಕೆಲಸ ಇಷ್ಟು. ಒಂದು ಬಿಳಿ ಅಂಬಾಸಿಡರ್ ಪೇಂಟ್ ಶೆಡ್‌ಗೆ ಹೋಗಲಿದೆ. ಬಾಡಿಯೆಲ್ಲ ದಟ್ಟ ಮರೂನ್, ರೂಫಿಗೆ ಮಾತ್ರ ಕೆನೆ ಬಣ್ಣ. ಹಣ ಖರ್ಚಾಗುವ ಮೊದಲೇ ಅದು ಹೇಗೆ ಕಾಣುತ್ತದೆಂದು ಓನರ್ ನೋಡಬೇಕು. ಬಳಸಿದ ಸಾಫ್ಟ್‌ವೇರ್ ಎರಡೇ: ರಾ ಫೈಲಿಗೆ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ಡಾರ್ಕ್‌ಟೇಬಲ್, ಉಳಿದದ್ದಕ್ಕೆಲ್ಲ ಜಿಂಪ್. ಎರಡೂ ಉಚಿತ. ಜೊತೆಗೆ ಟ್ರೈಪಾಡ್, ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್ (ತಿರುಗಿಸಿದಂತೆ ಮೇಲ್ಮೈಯ ಹೊಳಪನ್ನು ಹೆಚ್ಚುಕಡಿಮೆ ಮಾಡುವ ಗಾಜು), ಪೇಂಟ್ ಅಂಗಡಿಯ ಶೇಡ್ ಕಾರ್ಡ್, 6 ಎಂಎಂ ಅಗಲದ ಮಾಸ್ಕಿಂಗ್ ಟೇಪ್. ಫೋಟೋಶಾಪ್ ಇದ್ದವರಿಗೂ ಕ್ರಮ ಇದೇ, ಮೆನು ಹೆಸರುಗಳು ಬೇರೆ.

ಬಿಳಿ ಕಾರಿಗೆ ಗಾಢ ಬಣ್ಣ ಕೊಡುವುದು ಈ ಬಗೆಯ ಕೆಲಸಗಳಲ್ಲೇ ಕಷ್ಟದ್ದು. ಬಾಡಿ ಸೆಲೆಕ್ಟ್ ಮಾಡಿ, ಮೇಲೆ ಮರೂನ್ ಲೇಯರ್ ಇಟ್ಟು ಮಲ್ಟಿಪ್ಲೈ (ಎರಡು ಲೇಯರಿನ ಅಂಕೆಗಳನ್ನು ಗುಣಿಸುವ ವಿಧಾನ) ಕೊಟ್ಟರೆ ಐದು ನಿಮಿಷದಲ್ಲಿ ಕಾರು ಮರೂನ್ ಆಗುತ್ತದೆ, ನಿಜ. ಆದರೆ ನೋಡಿದವರು ಯಾರೂ ಅದನ್ನು ಪೇಂಟ್ ಎಂದು ನಂಬುವುದಿಲ್ಲ. ಮರೂನ್ ಬಟ್ಟೆ ಹೊದಿಸಿದ ಹಾಗೆ ಮಂಕಾಗಿ ಕಾಣುತ್ತದೆ. ತಪ್ಪು ಶೇಡ್‌ನಲ್ಲಿಲ್ಲ, ಹೊಳಪಿನಲ್ಲಿದೆ.

ಪೇಂಟಿನಿಂದ ಕಣ್ಣಿಗೆ ಬರುವ ಬೆಳಕು ಎರಡು ಬಗೆ. ಒಂದು, ಬಣ್ಣದ ಪದರದೊಳಗೆ ಹೊಕ್ಕು, ಅದರ ಬಣ್ಣ ಹಚ್ಚಿಕೊಂಡು ಹೊರಬರುವುದು. ಇನ್ನೊಂದು, ಬಣ್ಣದ ಮೇಲಿನ ಪಾರದರ್ಶಕ ಪದರದ, ಅಂದರೆ ಕ್ಲಿಯರ್ ಕೋಟಿನ, ಮೇಲ್ಮೈಗೆ ತಾಗಿ ಕನ್ನಡಿಯಲ್ಲಿ ಬಂದಂತೆ ನೇರವಾಗಿ ತಿರುಗಿ ಬರುವುದು. ಈ ಎರಡನೆಯದಕ್ಕೆ ಪೇಂಟಿನ ಬಣ್ಣ ಅಂಟುವುದೇ ಇಲ್ಲ. ಮರೂನ್ ಕಾರಿನ ಬಾನೆಟ್ಟಿನಲ್ಲಿ ಕಾಣುವ ಆಕಾಶ ಬೂದು ಬಣ್ಣದ್ದೇ, ಕೆಂಪು ಆಕಾಶವಲ್ಲ. ಹಳೆಯ ಗಾಡಿಗೆ ಕ್ಲಿಯರ್ ಕೋಟ್ ಇಲ್ಲದೆ ಒಂದೇ ಪದರದ ಪೇಂಟ್ ಇದ್ದರೂ ಪಾಲಿಶ್ ಆದ ಮೇಲ್ಮೈ ಇದೇ ರೀತಿ ವರ್ತಿಸುತ್ತದೆ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ನೇರ ನೋಟದಲ್ಲಿ ಕ್ಲಿಯರ್ ಕೋಟ್ ತಿರುಗಿಸುವುದು ಬಿದ್ದ ಬೆಳಕಿನ ಸುಮಾರು 4 ಶೇಕಡ. ಬಿಳಿ ಪೇಂಟ್ ಸುಮಾರು 80 ಶೇಕಡ ತಿರುಗಿಸುತ್ತದೆ ಎಂದಿಟ್ಟುಕೊಳ್ಳಿ. ಬಿಳಿಯ ಮೇಲೆ ಆಕಾಶ ಪ್ರತಿಫಲಿಸಿದಾಗ 80 ಇದ್ದದ್ದು 84 ಆಗುತ್ತದೆ. ಎಸ್‌ಆರ್‌ಜಿಬಿ ಅಂಕೆಯಲ್ಲಿ (ಪರದೆಯ ಚಿತ್ರಗಳಲ್ಲಿ 0ರಿಂದ 255ರವರೆಗಿನ ಅಳತೆ) ಹೇಳಿದರೆ 231 ಇದ್ದದ್ದು 236. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದೇ 4 ಶೇಕಡ ಕಪ್ಪಿನ ಮೇಲೆ ಬಿದ್ದರೆ 0 ಇದ್ದದ್ದು 56ಕ್ಕೆ ಏರುತ್ತದೆ. ನಮ್ಮ ಮರೂನ್ ಕೆಂಪು 110, ಹಸಿರು 20, ನೀಲಿ 32. ಅದರ ಮೇಲೆ ಅದೇ ಆಕಾಶ ಬಿದ್ದ ಜಾಗ 122, 61, 66 ಆಗಬೇಕು. ಕೆಂಪು ಚಾನೆಲ್ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಹಸಿರು ಮೂರು ಪಟ್ಟು, ನೀಲಿ ಎರಡು ಪಟ್ಟು. ಅಂದರೆ ಹೊಳಪು ಬಿದ್ದ ಕಡೆ ಬಣ್ಣ ತೆಳುವಾಗಿ ಬೂದಿಗೆ ವಾಲುತ್ತದೆ. ಬರೀ ಮಲ್ಟಿಪ್ಲೈ ಮಾಡಿದರೆ ಆ 4 ಶೇಕಡಕ್ಕೂ ಮರೂನ್ ಅಂಟಿ ಸತ್ತುಹೋಗುತ್ತದೆ. ಹಾಗಾಗಿ ಫೋಟೋ ತೆಗೆಯುವಾಗಲೇ ಹೊಳಪನ್ನು ಬೇರೆ ಫೈಲಿನಲ್ಲಿ ಹಿಡಿದುಕೊಂಡು, ಬಣ್ಣ ಹಚ್ಚಿ ಮುಗಿದ ಮೇಲೆ ಮತ್ತೆ ಕೂಡಿಸಬೇಕು. ಈ ಕೆಲಸದ ತಿರುಳು ಇದೊಂದೇ.

ಫೋಟೋ ತೆಗೆಯುವುದು

ಮೋಡ ಮುಚ್ಚಿದ, ಗಾಳಿ ಇಲ್ಲದ ಬೆಳಿಗ್ಗೆ ಬೇಕು. ಗಾಳಿ ಇದ್ದರೆ ಬಾನೆಟ್ಟಿನಲ್ಲಿ ಕಾಣುವ ಮರದ ಎಲೆಗಳು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತವೆ, ಹೊಳಪು ಬೇರ್ಪಡಿಸಲು ಒಂದು ಫ್ರೇಮಿನಿಂದ ಇನ್ನೊಂದನ್ನು ಕಳೆಯುವಾಗ ಎರಡೆರಡು ಅಂಚು ಮೂಡುತ್ತವೆ. ನೀಲಿ ಆಕಾಶವೂ ಆಗದು. ಸೂರ್ಯನಿಂದ 90 ಡಿಗ್ರಿ ಆಚೆಯ ನೀಲಿ ಆಕಾಶದ ಬೆಳಕು ತಾನೇ ಪೋಲರೈಸ್ ಆಗಿರುತ್ತದೆ (ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ), ರೂಫಿನ ಒಂದು ಭಾಗದಲ್ಲಿ ಫಿಲ್ಟರ್ ಕೆಲಸ ಮಾಡಿ ಪಕ್ಕದಲ್ಲೇ ಮಾಡದೆ ತೇಪೆ ಹಾಕಿದಂತೆ ಕಾಣುತ್ತದೆ.

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 70 ಎಂಎಂ ಲೆನ್ಸ್, ಕಾರಿನಿಂದ ಸುಮಾರು 10 ಮೀಟರ್ ದೂರ, ಮುಂಭಾಗ ಮತ್ತು ಒಂದು ಬದಿ ಎರಡೂ ಕಾಣುವ ಮುಕ್ಕಾಲು ಕೋನ. ಎಫ್8, ಐಎಸ್‌ಒ 100, ಶಟರ್ 1/20 ಸೆಕೆಂಡ್ ಆಸುಪಾಸು. ಪೋಲರೈಸರ್ ಒಂದರಿಂದ ಒಂದೂವರೆ ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ), ಆದ್ದರಿಂದಲೇ ಈ ನಿಧಾನ ಶಟರ್. ಎಲ್ಲವೂ ಮ್ಯಾನುಯಲ್: ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್. ಎರಡು ಸೆಕೆಂಡ್ ಟೈಮರ್. ಬಿಳಿ ಬಾಡಿಯ ಅತಿ ಪ್ರಕಾಶದ ಜಾಗ ಹಿಸ್ಟೋಗ್ರಾಮಿನ (ಪ್ರಕಾಶದ ಹಂಚಿಕೆ ತೋರಿಸುವ ನಕ್ಷೆ) ಬಲ ಗೋಡೆಗೆ ತಾಗಬಾರದು. ತಾಗಿದ ಕಡೆ ಹೊಳಪಿನ ಮಾಹಿತಿ ಇಲ್ಲವಾಯಿತೆಂದೇ ಅರ್ಥ, ಆಮೇಲೆ ಏನು ಮಾಡಿದರೂ ಬಾರದು. ಫೋನಿನ ಆಟೋ ಎಚ್‌ಡಿಆರ್ ಇಲ್ಲಿ ಉಪಯೋಗಕ್ಕಿಲ್ಲ. ಪ್ರತಿ ಫ್ರೇಮಿಗೂ ಅದು ಬೇರೆ ಬೇರೆ ರೀತಿ ಬೆಳಕು ತಿದ್ದುವುದರಿಂದ ಕಳೆಯುವ ಲೆಕ್ಕ ತಪ್ಪುತ್ತದೆ.

ಫಿಲ್ಟರನ್ನು 0, 45, 90, 135 ಡಿಗ್ರಿಗೆ ತಿರುಗಿಸುತ್ತ ನಾಲ್ಕು ಫ್ರೇಮ್. ಫಿಲ್ಟರ್ ಬಳೆಯ ಮೇಲೆ ಮೊದಲೇ ಪೆನ್ಸಿಲ್ ಗುರುತು ಹಾಕಿಕೊಂಡರೆ ಕೈ ತಪ್ಪುವುದಿಲ್ಲ. ಎರಡೇ ಫ್ರೇಮ್ ಸಾಲದೇ ಎಂದು ಅನಿಸಬಹುದು. ಬಾನೆಟ್ಟಿನಂಥ ಅಡ್ಡ ಮೇಲ್ಮೈಯ ಹೊಳಪು ಅಳಿಸುವ ಕೋನ ಒಂದು, ಬಾಗಿಲಿನಂಥ ಲಂಬ ಮೇಲ್ಮೈಗೆ ಅದಕ್ಕೆ 90 ಡಿಗ್ರಿಯ ಕೋನ. ಬಾನೆಟ್ಟಿಗೂ ಬಾಗಿಲಿಗೂ ಈ ಎರಡು ಸಾಕು. ಆದರೆ ಅಂಬಾಸಿಡರ್‌ನ ಮಡ್ಗಾರ್ಡ್ ಉಬ್ಬಿದೆ. ಅದರ ಹೆಗಲಿನಲ್ಲಿ ಮೇಲ್ಮೈ ಸರಿಯಾಗಿ 45 ಡಿಗ್ರಿ ವಾಲುವ ಕಡೆ ಎರಡೂ ಫ್ರೇಮಿನಲ್ಲಿ ಹೊಳಪು ಸಮನಾಗಿರುತ್ತದೆ, ಕಳೆದರೆ ಸೊನ್ನೆ. ಹೆಡ್‌ಲೈಟಿನಿಂದ ಬಾಗಿಲಿನವರೆಗೆ ಎರಡು ಬೆರಳಗಲದ ಮಂಕು ಪಟ್ಟಿ ಉಳಿದುಬಿಡುತ್ತದೆ. ಕಾರಿನ ಅತಿ ಚೆಂದದ ಉಬ್ಬಿನ ಮೇಲೆಯೇ ಆ ಪಟ್ಟಿ ಬರುವುದು. ನಾಲ್ಕು ಫ್ರೇಮ್ ಇದ್ದರೆ ಈ ತೊಂದರೆ ಇಲ್ಲ.

ಇವಲ್ಲದೆ ಇನ್ನು ಮೂರು ಸುತ್ತು ಬೇಕು. ಮೊದಲನೆಯದು ಶೇಡ್ ಕಾರ್ಡಿನದು. ಆರಿಸಿದ ಮರೂನ್ ಕಾರ್ಡನ್ನು ಬಾನೆಟ್ಟಿನ ಸಪಾಟಾದ ಜಾಗದಲ್ಲಿ ಮಲಗಿಸಿ ಅದೇ ನಾಲ್ಕು ಕೋನದಲ್ಲಿ ತೆಗೆಯುವುದು, ಪಕ್ಕದಲ್ಲಿ ಕೆನೆ ಬಣ್ಣದ ಕಾರ್ಡ್. ಎರಡನೆಯದು ಟೇಪಿನದು. ಗಟರಿನ (ರೂಫಿನ ಅಂಚಿನ ನೀರ ಕಾಲುವೆ) ಉದ್ದಕ್ಕೂ ರೂಫ್ ಬಣ್ಣ ಎಲ್ಲಿ ಮುಗಿಯಬೇಕೆಂದು ಕಾರೇ ಹೇಳುತ್ತದೆ, ಆದರೆ ಹಿಂದಿನ ಕಂಬದಲ್ಲಿ ರೂಫ್ ಮತ್ತು ಬಾಡಿ ಒಂದೇ ತಗಡಿನಂತೆ ಹರಿದು ಇಳಿಯುತ್ತವೆ. ಅಲ್ಲಿ ಗೆರೆಯನ್ನು ಕಂಪ್ಯೂಟರಿನಲ್ಲಿ ಊಹಿಸಿ ಎಳೆದರೆ ಉಬ್ಬಿನ ಮೇಲೆ ಸುಳ್ಳಾಗಿ ಬಾಗುತ್ತದೆ. ನಿಜ ಕಾರಿನ ಮೇಲೆ 6 ಎಂಎಂ ಟೇಪ್ ಅಂಟಿಸಿ, ಓನರ್ ಒಪ್ಪಿದ ಮೇಲೆ ಒಂದು ಫ್ರೇಮ್ ತೆಗೆದಿಟ್ಟುಕೊಳ್ಳಬೇಕು. ಪೇಂಟರಿಗೂ ನಾಳೆ ಅದೇ ಗೆರೆ ಬೇಕಾಗುತ್ತದೆ. ಮೂರನೆಯದು, ಆಫ್ ಮಾಡಿದ ಫೋನಿನ ಕಪ್ಪು ಪರದೆಯನ್ನು ಹೆಡ್‌ಲೈಟ್ ಪಕ್ಕದ ಮೂಲೆಗೆ ಒತ್ತಿ ಹಿಡಿದು ಒಂದು ಫ್ರೇಮ್. ಯಾಕೆಂಬುದು ಮುಂದೆ ಬರುತ್ತದೆ.

ಡಾರ್ಕ್‌ಟೇಬಲ್

ಇಲ್ಲಿ ಮಾಡುವುದಕ್ಕಿಂತ ಮಾಡದಿರುವುದೇ ಮುಖ್ಯ. ಚಿತ್ರಕ್ಕೆ ಟೋನ್ ಕರ್ವ್ ಹಾಕುವ ಫಿಲ್ಮಿಕ್ ಅಥವಾ ಸಿಗ್ಮಾಯ್ಡ್ ಮಾಡ್ಯೂಲ್ ತಾನಾಗಿಯೇ ಆನ್ ಆಗಿರುತ್ತದೆ, ಆಫ್ ಮಾಡಬೇಕು. ಶಾರ್ಪನಿಂಗ್, ಲೋಕಲ್ ಕಾಂಟ್ರಾಸ್ಟ್ ಬೇಡ. ಎಲ್ಲ ಫ್ರೇಮಿಗೂ ಒಂದೇ ವೈಟ್ ಬ್ಯಾಲೆನ್ಸ್, ಒಂದೇ ಎಕ್ಸ್‌ಪೋಷರ್ ಅಂಕೆ. ಲೀನಿಯರ್ (ಅಂಕೆ ಬೆಳಕಿನ ಪ್ರಮಾಣಕ್ಕೆ ನೇರವಾಗಿ ಹೊಂದುವ) ರೆಕ್ 709 ಪ್ರೊಫೈಲಿನಲ್ಲಿ 32 ಬಿಟ್ ಫ್ಲೋಟ್ ಟಿಫ್ ಆಗಿ ಎಕ್ಸ್‌ಪೋರ್ಟ್. ಚಿತ್ರ ಮಂಕಾಗಿ ಕಂಡರೆ ಗಾಬರಿ ಬೇಡ, ಹಾಗೇ ಇರಬೇಕು. ಟೋನ್ ಕರ್ವ್ ಉಳಿದಿದ್ದರೆ ಬಾಡಿಯ ನೆರಳು ಭಾಗದಲ್ಲಿ ಹೊಳಪು ದಪ್ಪಗಾಗಿ, ಬೆಳಕಿನ ಭಾಗದಲ್ಲಿ ಇಲ್ಲವೇ ಆಗಿ ಬರುತ್ತದೆ.

ಹೊಳಪು ಬೇರ್ಪಡಿಸುವುದು

ಜಿಂಪ್‌ನಲ್ಲಿ ಪ್ರಿಸಿಷನ್ 32 ಬಿಟ್ ಫ್ಲೋಟಿಂಗ್ ಪಾಯಿಂಟ್, ಲೀನಿಯರ್ ಲೈಟ್. ನಾಲ್ಕೂ ಫ್ರೇಮನ್ನು ಒಂದರ ಮೇಲೊಂದು ಲೇಯರ್ ಆಗಿ ತೆರೆದು, 200 ಶೇಕಡ ಜೂಮಿನಲ್ಲಿ ನಂಬರ್ ಪ್ಲೇಟಿನ ಅಂಚು ನೋಡಿ ಹೊಂದಿಕೆ ಪರೀಕ್ಷಿಸಿ. ಫಿಲ್ಟರ್ ತಿರುಗಿಸುವಾಗ ಕ್ಯಾಮೆರಾ ಒಂದೆರಡು ಪಿಕ್ಸೆಲ್ ಜರುಗಿರುವುದು ಸಾಮಾನ್ಯ.

ಮೇಲಿನ ಮೂರು ಲೇಯರಿಗೆ ಡಾರ್ಕನ್ ಓನ್ಲಿ ಕೊಟ್ಟು, ಕಂಡದ್ದನ್ನು ಹೊಸ ಲೇಯರ್ ಮಾಡಿಕೊಂಡರೆ ಪ್ರತಿ ಪಿಕ್ಸೆಲಿನ ಕನಿಷ್ಠ ಸಿಗುತ್ತದೆ. ಅದು ಹೊಳಪು ಕಳೆದ ಬಾಡಿ. ಅದನ್ನು ‘ಮೈ’ ಎಂದು ಕರೆಯೋಣ. ಹಾಗೆಯೇ ಲೈಟನ್ ಓನ್ಲಿ ಕೊಟ್ಟು ಗರಿಷ್ಠದ ಲೇಯರ್. ಗರಿಷ್ಠ ಕೆಳಗೆ, ಮೈ ಮೇಲೆ, ಮೇಲಿನದಕ್ಕೆ ಸಬ್‌ಟ್ರ್ಯಾಕ್ಟ್. ಉಳಿದದ್ದೇ ‘ಹೊಳಪು’. ಕಪ್ಪು ಹಿನ್ನೆಲೆಯಲ್ಲಿ ಬಾನೆಟ್ಟಿನ ಮೇಲೆ ಮೋಡ, ಬಾಗಿಲಿನ ಮೇಲೆ ಎದುರು ಕಾಂಪೌಂಡಿನ ಗೆರೆ, ಮಡ್ಗಾರ್ಡಿನಲ್ಲಿ ಉದ್ದಕ್ಕೆ ಎಳೆದಂತಾದ ಮರ. ಬಿಳಿ ಕಾರಿನಲ್ಲಿ ಇಷ್ಟೆಲ್ಲ ಅಡಗಿತ್ತೆಂದು ಈ ಲೇಯರ್ ನೋಡುವವರೆಗೆ ನಂಬಲಾಗದು.

ನಾಲ್ಕು ಫ್ರೇಮಿನ ಗರಿಷ್ಠ, ಕನಿಷ್ಠ ತೆಗೆಯುವಾಗ ನಾಯ್ಸ್ (ಚಿತ್ರದ ಕಾಳುಕಾಳು) ಕೂಡ ವ್ಯತ್ಯಾಸವಾಗಿ ಸೇರಿಕೊಳ್ಳುತ್ತದೆ. ಲೆವೆಲ್ಸ್‌ನಲ್ಲಿ ಕೆಳಗಿನ ಮಿತಿಯನ್ನು 0.002ರಿಂದ 0.003ಕ್ಕೆ ಏರಿಸಿದರೆ ಹೋಗುತ್ತದೆ. ಕ್ರೋಮ್ ಬಂಪರ್, ಗ್ರಿಲ್ ಈ ಲೇಯರಿನಲ್ಲಿ ಹೆಚ್ಚುಕಡಿಮೆ ಕಪ್ಪಾಗಿ ಬರುತ್ತವೆ. ಲೋಹದ ಪ್ರತಿಫಲನ ಪೇಂಟಿನಷ್ಟು ಪೋಲರೈಸ್ ಆಗುವುದಿಲ್ಲ, ಅದು ತಪ್ಪಲ್ಲ.

ಮಾಸ್ಕ್

ಬಣ್ಣ ಎಲ್ಲಿ ಹತ್ತಬೇಕು, ಎಲ್ಲಿ ಹತ್ತಬಾರದು ಎಂದು ಗುರುತಿಸುವುದೇ ಮಾಸ್ಕ್. ಅರ್ಧ ದಿನ ಹಿಡಿಯುವ ಕೆಲಸ, ಅಡ್ಡದಾರಿ ಇಲ್ಲ. ಪಾತ್ ಟೂಲಿನಲ್ಲಿ ಬಾಡಿಯ ಗೆರೆ ಎಳೆದು, ಗಾಜು, ಬೀಡಿಂಗ್, ಹ್ಯಾಂಡಲ್, ಲೈಟ್, ಕ್ರೋಮ್ ಪಟ್ಟಿ ಇವನ್ನೆಲ್ಲ ಬೇರೆ ಪಾತ್ ಮಾಡಿ ಕಳೆಯಬೇಕು. ಫೆದರ್ (ಅಂಚಿನ ಮೃದುತನ) 1ರಿಂದ 1.5 ಪಿಕ್ಸೆಲ್. ಕಪ್ಪು ರಬ್ಬರ್ ಬೀಡಿಂಗ್ ಪಕ್ಕದಲ್ಲಿ ಮಾಸ್ಕನ್ನು ಒಂದು ಪಿಕ್ಸೆಲ್ ರಬ್ಬರಿನ ಮೇಲಕ್ಕೆ ದಾಟಿಸಿ. ಇಲ್ಲದಿದ್ದರೆ ವಿಂಡ್‌ಶೀಲ್ಡ್ ಸುತ್ತ ಕೂದಲೆಳೆಯ ಬಿಳಿ ಗೆರೆ ಉಳಿಯುತ್ತದೆ, ಎಡಿಟ್ ಮಾಡಿದ ಫೋಟೋ ಎಂದು ಮೊದಲು ಹೇಳಿಕೊಡುವುದು ಅದೇ. ರಬ್ಬರ್ ಕಪ್ಪಾದ್ದರಿಂದ ಅದರ ಮೇಲೆ ಮರೂನ್ ಮಲ್ಟಿಪ್ಲೈ ಆದರೂ ತಿಳಿಯದು.

ಬಿಳಿ ಉಳಿದುಹೋಗುವ ಜಾಗಗಳು ಪ್ರತಿ ಕಾರಿನಲ್ಲೂ ಇವೇ: ಚಕ್ರದ ಕಮಾನಿನ ಮಡಿಚಿದ ಅಂಚು, ಬಾನೆಟ್ ಮತ್ತು ಮಡ್ಗಾರ್ಡಿನ ನಡುವಿನ ಸಂದು, ಬಾಗಿಲಿನ ಕೆಳಗಿನ ಪಟ್ಟಿ, ಗಾಜಿನ ಮೂಲಕ ಕಾಣುವ ಆಚೆ ಬದಿಯ ಕಿಟಕಿ ಚೌಕಟ್ಟು. ಕೊನೆಯದನ್ನು ನಿಜವಾಗಿ ಪೇಂಟ್ ಮಾಡಿಸುತ್ತಾರೋ ಇಲ್ಲವೋ ಓನರನ್ನು ಕೇಳಿಯೇ ತೀರ್ಮಾನಿಸಿ.

ಬಣ್ಣ

ಕಣ್ಣಳತೆಯಲ್ಲಿ ಮರೂನ್ ಆರಿಸಬೇಡಿ. ಶೇಡ್ ಕಾರ್ಡಿನ ನಾಲ್ಕು ಫ್ರೇಮಿನಿಂದಲೂ ಕನಿಷ್ಠದ ಲೇಯರ್ ಮಾಡಿ, ಕಲರ್ ಪಿಕರಿನಲ್ಲಿ ಸ್ಯಾಂಪಲ್ ಆವರೇಜ್ ಆನ್ ಮಾಡಿ, ಕಾರ್ಡ್ ಒಂದು ಸಲ, ಪಕ್ಕದ ಬಿಳಿ ಬಾನೆಟ್ ಒಂದು ಸಲ ಅಳೆಯಿರಿ. ಇಲ್ಲಿ ಸಿಕ್ಕ ಲೀನಿಯರ್ ಅಂಕೆ: ಬಿಳಿ 62, 62, 63 ಶೇಕಡ, ಕಾರ್ಡ್ 12.1, 0.55, 1.1. ಭಾಗಿಸಿದರೆ 0.195, 0.009, 0.017. ಇದೇ ಮಲ್ಟಿಪ್ಲೈ ಲೇಯರಿನ ಬಣ್ಣ, ಎಸ್‌ಆರ್‌ಜಿಬಿಯಲ್ಲಿ ಸುಮಾರು 122, 23, 36. ಬಿಳಿ ಪೇಂಟ್ ಎಷ್ಟು ಬಿಳಿ, ಬೆಳಿಗ್ಗೆಯ ಬೆಳಕು ಎಷ್ಟು ನೀಲಿ ಎಂಬ ಪ್ರಶ್ನೆಗಳೆಲ್ಲ ಈ ಭಾಗಾಕಾರದಲ್ಲಿ ತಾವೇ ರದ್ದಾಗುತ್ತವೆ. ರೂಫಿನ ಕೆನೆಗೂ ಹೀಗೇ.

ಲೇಯರುಗಳ ಕ್ರಮ ಕೆಳಗಿನಿಂದ ಮೇಲಕ್ಕೆ: ಮೈ, ಅದರ ಮೇಲೆ ಮಾಸ್ಕ್ ಇರುವ ಮರೂನ್ ಮತ್ತು ಕೆನೆ ಮಲ್ಟಿಪ್ಲೈಯಲ್ಲಿ, ಎಲ್ಲಕ್ಕಿಂತ ಮೇಲೆ ಹೊಳಪು ಅಡಿಷನ್‌ನಲ್ಲಿ. ಎರಡಕ್ಕೂ ಬ್ಲೆಂಡ್ ಸ್ಪೇಸ್ ಆರ್‌ಜಿಬಿ ಲೀನಿಯರ್ ಎಂದೇ ಇರಲಿ. ಪರ್ಸೆಪ್ಚುಯಲ್‌ನಲ್ಲಿ ಇದ್ದರೆ ಮರೂನ್‌ನ ಮೇಲೆ ಕೂಡಿಸಿದ ಹೊಳಪು ಮಿತಿಮೀರುತ್ತದೆ.

ಹೊಳಪಿನ ಒಪಾಸಿಟಿ (ಲೇಯರ್ ಎಷ್ಟು ಪಾಲು ಸೇರಬೇಕೆಂಬ ಅಳತೆ) 50 ಶೇಕಡ. ಇದು ರುಚಿಗೆ ತಕ್ಕಷ್ಟು ಎಂಬ ಅಂಕೆಯಲ್ಲ. ಫಿಲ್ಟರ್ ಬಾಡಿಯ ಬೆಳಕನ್ನು ಅರ್ಧಕ್ಕೆ ಇಳಿಸುತ್ತದೆ, ಆದರೆ ಗರಿಷ್ಠದ ಕೋನದಲ್ಲಿ ಹೊಳಪಿನ ಪೋಲರೈಸ್ ಆದ ಭಾಗವನ್ನು ಪೂರ್ತಿ ಹಾದುಹೋಗಲು ಬಿಡುತ್ತದೆ. ಹಾಗಾಗಿ ವ್ಯತ್ಯಾಸದಲ್ಲಿ ಹೊಳಪು ಬಾಡಿಯ ಬೆಳಕಿಗೆ ಹೋಲಿಸಿದರೆ ಎರಡು ಪಟ್ಟು ಬಂದಿರುತ್ತದೆ. ಈ ಲೆಕ್ಕ ಕ್ಲಿಯರ್ ಕೋಟಿಗೆ ಸುಮಾರು 56 ಡಿಗ್ರಿ ಕೋನದಲ್ಲಿ (ನೇರ ನೋಟ 0 ಎಂದು ಎಣಿಸಿ) ಸರಿಯಾಗಿ ಕೂರುತ್ತದೆ, ಅಲ್ಲಿ ಹೊಳಪೆಲ್ಲವೂ ಪೋಲರೈಸ್ ಆಗಿರುತ್ತದೆ. ಅದರ ಎರಡೂ ಬದಿ ಕೈಯಿಂದ ತಿದ್ದಬೇಕು.

ಒಂದು ಬದಿ, ಓರೆ ನೋಟ. ಕ್ಲಿಯರ್ ಕೋಟಿನ ಪ್ರತಿಫಲನ 45 ಡಿಗ್ರಿಯಲ್ಲಿ 5 ಶೇಕಡ, 60ರಲ್ಲಿ 9, 70ರಲ್ಲಿ 17, 80ರಲ್ಲಿ 39. ರೂಫಿನ ದೂರದ ಅಂಚು, ಬಾನೆಟ್ಟಿನ ಹಿಂಭಾಗ ಕನ್ನಡಿಯಂತೆ ಕಾಣುವುದು ಇದರಿಂದ. ಇಲ್ಲಿ ಹೊಳಪಿನ ಒಂದು ಪಾಲು ಫಿಲ್ಟರಿಗೆ ಸಿಗದೆ ಮೈ ಲೇಯರಿನಲ್ಲೇ ಉಳಿದು ಮರೂನ್‌ನಲ್ಲಿ ಮುಳುಗಿರುತ್ತದೆ. ಹೊಳಪು ಲೇಯರನ್ನು ನಕಲು ಮಾಡಿ, ಕಪ್ಪು ಮಾಸ್ಕ್ ಹಾಕಿ, ಈ ಅಂಚುಗಳಲ್ಲಿ ಮಾತ್ರ ಮೃದು ಬ್ರಷ್‌ನಿಂದ ತೆರೆದು, ಎರಡೂ ಸೇರಿ 75 ಡಿಗ್ರಿಯ ಹತ್ತಿರ ಸುಮಾರು 85 ಶೇಕಡ ಬರುವಂತೆ ಮಾಡಬೇಕು.

ಇನ್ನೊಂದು ಬದಿ, ನೇರ ನೋಟ. ಹೆಡ್‌ಲೈಟ್ ಪಕ್ಕದ ಮಡ್ಗಾರ್ಡ್ ಮೂಲೆ ಕ್ಯಾಮೆರಾಕ್ಕೆ ಎದುರಾಗಿಯೇ ಇರುತ್ತದೆ. ನೇರ ಪ್ರತಿಫಲನ ಪೋಲರೈಸ್ ಆಗುವುದೇ ಇಲ್ಲ, ಹೊಳಪು ಲೇಯರಿನಲ್ಲಿ ಅಲ್ಲೊಂದು ಕಪ್ಪು ತೂತು. ಫೋನಿನ ಪರದೆ ಹಿಡಿದು ತೆಗೆದ ಫ್ರೇಮ್ ಉಪಯೋಗಕ್ಕೆ ಬರುವುದು ಇಲ್ಲಿ. ಆ ಮೂಲೆಯಲ್ಲಿ ಏನು ಕಾಣಬೇಕು, ಎಷ್ಟು ಪ್ರಕಾಶದಲ್ಲಿ ಎಂಬುದನ್ನು ಅದು ತೋರಿಸುತ್ತದೆ: ಮೇಲೆ ಬೂದು ಆಕಾಶ, ಅದರ ಕೆಳಗೆ ಗೋಡೆಯ ಕಪ್ಪು ಪಟ್ಟಿ, ತಳದಲ್ಲಿ ನೆಲ. ಪಕ್ಕದ ಹೊಳಪನ್ನು ಕ್ಲೋನ್ ಮಾಡಿ ಉಬ್ಬಿಗೆ ತಕ್ಕಂತೆ ಬಾಗಿಸಿ ತೂತು ಮುಚ್ಚಿ. ನುಣುಪಾದ ಗ್ರೇಡಿಯಂಟ್ ಎಳೆಯಬೇಡಿ. ಹಳೆಯ ತಗಡಿನ ಮೇಲಿನ ನಿಜವಾದ ಹೊಳಪು ಸ್ವಲ್ಪ ಅಲೆಅಲೆಯಾಗಿರುತ್ತದೆ, ಅದನ್ನು ಸವರಿ ಸಪಾಟು ಮಾಡಿದರೆ ಆಟಿಕೆ ಕಾರು.

ಬಿಳಿ ಬಿಟ್ಟುಹೋದ ಗುರುತುಗಳು

ಕಾರಿಗೆ ಬಣ್ಣ ಬಂದರೂ ಸುತ್ತಮುತ್ತ ಇನ್ನೂ ಬಿಳಿ ಕಾರಿನ ಸಾಕ್ಷಿ ಉಳಿದಿರುತ್ತದೆ. ಮುಂದಿನ ಬಂಪರ್ ನೋಡಿ. ಅದರ ಮೇಲಂಚಿನಲ್ಲಿ ಮಡ್ಗಾರ್ಡಿನ ಹೊಟ್ಟೆ ಬಿಳಿಯಾಗಿ ಪ್ರತಿಫಲಿಸಿದೆ. ಹೆಡ್‌ಲೈಟ್ ಬಳೆಯಲ್ಲೂ, ಬಾಗಿಲಿನ ಹ್ಯಾಂಡಲಿನ ಹಿಂಬದಿಯಲ್ಲೂ ಅದೇ. ಕ್ರೋಮ್ ತನಗೆ ಬಂದ ಬೆಳಕನ್ನು ಅದರದೇ ಬಣ್ಣದಲ್ಲಿ ತಿರುಗಿಸುವುದರಿಂದ, ಆ ತುಣುಕುಗಳಿಗೆ ಮಾಸ್ಕ್ ಹಾಕಿ ಅದೇ 122, 23, 36 ಮಲ್ಟಿಪ್ಲೈ ಕೊಟ್ಟರೆ ಸರಿಹೋಗುತ್ತದೆ. ಬಂಪರಿನ ಆ ಬೆರಳಗಲದ ಬಿಳಿ ಮರೂನ್ ಆದ ಕ್ಷಣ ಇಡೀ ಚಿತ್ರ ಕೂಡಿಕೊಳ್ಳುತ್ತದೆ. ಮಾಸ್ಕಿನ ಅರ್ಧ ದಿನಕ್ಕಿಂತ ಈ ಹತ್ತು ನಿಮಿಷದ ಫಲ ದೊಡ್ಡದು.

ಸಂದುಗಳು ಮುಂದಿನದು. ಬಿಳಿ ಕಾರಿನ ಸಂದಿನೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಒಳಗನ್ನೂ ಬೆಳಗಿಸುತ್ತದೆ. ಮರೂನ್‌ನಲ್ಲಿ ಪ್ರತಿ ಪುಟಿತಕ್ಕೂ ಬೆಳಕು ಮತ್ತೊಮ್ಮೆ ಕಡಿಮೆಯಾಗಿ, ಮತ್ತಷ್ಟು ಕೆಂಪಾಗುತ್ತದೆ. ಬಾನೆಟ್ ಸಂದು, ಗಟರಿನ ಒಳಗು, ಹ್ಯಾಂಡಲಿನ ಹಿಂದಿನ ಗುಳಿ, ಇಲ್ಲೆಲ್ಲ ಮರೂನ್ ಲೇಯರನ್ನು ಇನ್ನೊಮ್ಮೆ 40ರಿಂದ 60 ಶೇಕಡ ಒಪಾಸಿಟಿಯಲ್ಲಿ ಮಲ್ಟಿಪ್ಲೈ ಮಾಡಿ. ಕಾರಿನ ಪಕ್ಕದ ನೆಲವೂ ಹಾಗೇ. ಬಿಳಿ ಬಾಗಿಲು ನೆಲಕ್ಕೆ ಚೆಲ್ಲುತ್ತಿದ್ದ ಬೆಳಕು ಈಗ ಇರಬಾರದು. ಬಾಗಿಲಿನ ಬುಡದಿಂದ ಅರ್ಧ ಮೀಟರಿನಷ್ಟು ಅಗಲ 5ರಿಂದ 8 ಶೇಕಡ ಕಪ್ಪಾಗಿಸಿದರೆ ಸಾಕು.

ಮೆಟಾಲಿಕ್ ಬೇಕೆಂದರೆ

ಬಹಳ ಮಂದಿ ಇಲ್ಲಿ ನಾಯ್ಸ್ ಸುರಿಯುತ್ತಾರೆ. ಮೆಟಾಲಿಕ್ ಪೇಂಟಿನ ಅಲ್ಯೂಮಿನಿಯಂ ಚೂರುಗಳು ಮೈಕ್ರಾನ್ ಲೆಕ್ಕದವು, ಹತ್ತಿಪ್ಪತ್ತರ ಆಸುಪಾಸು. ಈ ಫೋಟೋದಲ್ಲಿ ಒಂದು ಪಿಕ್ಸೆಲ್ ಎಂದರೆ ಕಾರಿನ ಮೇಲೆ ಸುಮಾರು 0.9 ಮಿಲಿಮೀಟರ್. ಚೂರು ಬಿಡಿಬಿಡಿಯಾಗಿ ಕಾಣಲು ಸಾಧ್ಯವೇ ಇಲ್ಲ. ಕಂಡರೆ ಕಣ್ಣು ಕಾರನ್ನು ಅಂಗೈಯಗಲದ ಮಾಡೆಲ್ ಎಂದು ಓದುತ್ತದೆ. ಮೆಟಾಲಿಕ್ಕಿನ ನಿಜವಾದ ಗುರುತು ಬೇರೆ: ಕಣ್ಣಿಗೆ ಎದುರಾದ ಕಡೆ ಬಣ್ಣ ತಿಳಿ, ಓರೆಯಾಗಿ ತಿರುಗಿದ ಕಡೆ ಗಾಢ. ಮಡ್ಗಾರ್ಡಿನ ಉಬ್ಬಿನ ನಡು 1.3 ಪಟ್ಟು ಬೆಳಗಿಸಿ, ಅಂಚನ್ನು 0.6ಕ್ಕೆ ಇಳಿಸಿ. ಇದು ಮರೂನ್ ಲೇಯರಿಗೆ ಮಾತ್ರ, ಹೊಳಪಿಗೆ ಅಲ್ಲ. ಅಂಚಿನಲ್ಲಿ ಬಣ್ಣ ಕಪ್ಪಾಗುತ್ತಿರುವಾಗಲೇ ಅದರ ಮೇಲಿನ ಹೊಳಪು ಏರುತ್ತಿರುತ್ತದೆ. ಎರಡೂ ಒಟ್ಟಿಗೆ ಇದ್ದರೇ ಮೆಟಾಲಿಕ್.

ಪರೀಕ್ಷೆ, ಕಳಿಸುವುದು

ಅದೇ ಜಾಗದಲ್ಲಿ, ಅದೇ ಬೆಳಿಗ್ಗೆ ಯಾವುದಾದರೂ ಗಾಢ ಬಣ್ಣದ ಕಾರು ಸಿಕ್ಕರೆ ಫಿಲ್ಟರ್ ಇಲ್ಲದೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಾನೆಟ್ಟಿನ ಆಕಾಶಕ್ಕೂ ಬಾಗಿಲಿನ ಗೋಡೆಗೂ ಇರುವ ಪ್ರಕಾಶದ ಅಂತರ ಎರಡರಲ್ಲೂ ಹೋಲಬೇಕು. ಚಿತ್ರವನ್ನು ಎಡಬಲ ತಿರುಗಿಸಿ 25 ಶೇಕಡಕ್ಕೆ ಕುಗ್ಗಿಸಿದರೆ, ಗಂಟೆಗಟ್ಟಲೆ ನೋಡಿ ಒಗ್ಗಿಹೋದ ಕಣ್ಣಿಗೂ ತಪ್ಪು ಕಾಣುತ್ತದೆ.

8 ಬಿಟ್‌ಗೆ ಇಳಿಸುವಾಗ ಡಿದರಿಂಗ್ ಆನ್ ಇರಲಿ, ಇಲ್ಲದಿದ್ದರೆ ನುಣುಪಾದ ರೂಫಿನಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಜೆಪೆಗ್ ಕ್ವಾಲಿಟಿ 92, ಸಬ್‌ಸ್ಯಾಂಪ್ಲಿಂಗ್ 4:4:4. 4:2:0 ಇಟ್ಟರೆ ಬಣ್ಣದ ಮಾಹಿತಿ ಕಾಲು ಭಾಗಕ್ಕೆ ಇಳಿದು, ಮರೂನ್ ಕೆನೆಗೆ ತಾಗುವ ಗೆರೆ ಹಲ್ಲುಹಲ್ಲಾಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಮತ್ತೆ ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ನಂಬರ್ ಪ್ಲೇಟ್ ಮಸುಕು ಮಾಡಿರಲಿ. ಕಾರಿನ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ, ಬಣ್ಣ ಬದಲಿಸುವ ಮೊದಲು ಆರ್‌ಟಿಒದಲ್ಲಿ ವಿಚಾರಿಸುವಂತೆ ಓನರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು.

ಹೊಳಪು ಲೇಯರನ್ನೂ ಬೇರೆ ಫೈಲಾಗಿ ಜೊತೆಗೆ ಕೊಡಿ. ಬಿಳಿ ಬಣ್ಣ ಮುಚ್ಚಿಟ್ಟಿದ್ದ ನಗ್ಗುಗಳೆಲ್ಲ ಅದರಲ್ಲಿ ಕಾಣುತ್ತವೆ. ಈ ಕಾರಿನಲ್ಲಿ ಹಿಂದಿನ ಬಾಗಿಲಿನ ಹ್ಯಾಂಡಲಿಗಿಂತ ಒಂದು ಗೇಣು ಕೆಳಗೆ ಕಾಂಪೌಂಡಿನ ಗೆರೆ ಇದ್ದಕ್ಕಿದ್ದಂತೆ ಸೊಂಟ ಮುರಿದು ಬಾಗುತ್ತದೆ. ಬಿಳಿಯಲ್ಲಿ ಆ ನಗ್ಗು ಕೈಯಾಡಿಸಿದರೆ ಮಾತ್ರ ಗೊತ್ತಾಗುತ್ತಿತ್ತು. ಮರೂನ್‌ನಲ್ಲಿ ಅದು ದೂರದಿಂದಲೇ ಕಾಣುವುದರಿಂದ, ಪ್ರೈಮರ್ ಬೀಳುವ ಮೊದಲೇ ಅಲ್ಲಿ ಟಿಂಕರಿಂಗ್ ಆಗಬೇಕು.